ಚಳಿಗಾಲದ ಬೆಳಿಗ್ಗೆ ಗೇರ್ ಬಿಗಿಯಾಗುತ್ತಿದೆ

ಪ್ರಶ್ನೆ: ಮಡಿಕೇರಿಯಲ್ಲಿರುವ ನಮ್ಮ ಮನೆಯ ಕಾರು 8 ವರ್ಷ ಹಳೆಯದು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಲು ಹೊರಟಾಗ ಒಂದನೇ, ಎರಡನೇ ಗೇರ್ ಬೀಳಲು ಬಹಳ ಬಲ ಹಾಕಬೇಕಾಗುತ್ತದೆ. ನಾಲ್ಕೈದು ಕಿಲೋಮೀಟರ್ ಓಡಿದ ಮೇಲೆ ಸಡಿಲವಾಗುತ್ತದೆ. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಬೇಕೆನ್ನುತ್ತಿದ್ದಾರೆ. ಅದಕ್ಕೂ ಮೊದಲು ನಾನೇ ನೋಡಬಹುದಾದದ್ದು ಏನಾದರೂ ಇದೆಯೇ?

ಉತ್ತರ 1: ಈಗಲೇ ಇಳಿಸಲು ಒಪ್ಪಬೇಡಿ. ಎಂಜಿನ್ ಆರಿಸಿ, ಕ್ಲಚ್ ಒತ್ತಿ ಗೇರ್‌ಗಳನ್ನು ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಎಂಜಿನ್ ಚಾಲೂ ಇದ್ದಾಗ ಮಾತ್ರ ಬಿಗಿಯಾದರೆ ಕ್ಲಚ್ ಎಂಜಿನ್ನನ್ನು ಗೇರ್‌ಬಾಕ್ಸ್‌ನಿಂದ ಪೂರ್ತಿ ಬಿಡಿಸುತ್ತಿಲ್ಲವೆಂದು ಶಂಕಿಸಬೇಕು. ಕೇಬಲ್ ಇದ್ದರೆ ಅದರ ಹೊಂದಾಣಿಕೆಯನ್ನು, ಹೈಡ್ರಾಲಿಕ್ ಆಗಿದ್ದರೆ ದ್ರವದ ಮಟ್ಟವನ್ನು ನೋಡಿಸಿ. ಪೆಡಲ್ ಕೆಳಗೆ ಮ್ಯಾಟ್ ಸರಿದಿದೆಯೇ ಎಂಬುದನ್ನೂ ಗಮನಿಸಿ (ನಗಬೇಡಿ, ನನ್ನ ಕಾರಿನಲ್ಲಿ ಅಷ್ಟೇ ಆಗಿತ್ತು).

ಉತ್ತರ 2: ಬಿಸಿಯಾದ ಮೇಲೆ ಸಡಿಲವಾಗುವುದಾದರೆ ನನ್ನ ಅನುಮಾನ ಗೇರ್ ಆಯಿಲ್ ಮೇಲೆ, ಚಳಿಗೆ ಅದು ಗಟ್ಟಿಯಾಗುತ್ತದೆ. ಕೈಪಿಡಿಯಲ್ಲಿ ಜಿಎಲ್-4 (ಗೇರ್ ಆಯಿಲ್‌ನ ಒಂದು ದರ್ಜೆ) ಎಂದಿದ್ದರೆ ಜಿಎಲ್-5 ಹಾಕಿಸಬೇಡಿ, ಏಕೆಂದರೆ ಅದರಲ್ಲಿ ಹೆಚ್ಚಿರುವ ಗಂಧಕ, ರಂಜಕದ ಸೇರ್ಪಡೆಗಳು ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಒಗ್ಗದಿರಬಹುದು.

ಪ್ರಶ್ನೆ ಕೇಳಿದವರು: ಎಂಜಿನ್ ಆರಿಸಿದಾಗಲೂ ಬಿಗಿಯಾಗಿಯೇ ಇತ್ತು. ಆಯಿಲ್ ಬದಲಿಸಿದೆವು, ಹಳೆಯದು ಕಾಕಂಬಿಯಂತೆ ಕಪ್ಪಾಗಿ ಇಳಿಯಿತು. ಇಂದು ಬೆಳಿಗ್ಗೆ ಎರಡನೇ ಗೇರ್ ಎರಡು ಬೆರಳಿನಲ್ಲೇ ಬಿತ್ತು.