ಕಂಪ್ಯೂಟರ್ ಕೆಟ್ರ ಆಫೀಸಿನ ಮೇಲ್ ಖರೇನ ವಾಪಸ್ ಬರಂಗಿಲ್ಲೇನ್ರಿ?

ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ಒಂದು ಸಣ್ಣ ಫ್ಯಾಕ್ಟರಿ ಅಕೌಂಟ್ಸ್ ನೋಡ್ತೀನ್ರಿ. ಸೋಮವಾರ ಮುಂಜಾನೆ ಪಿಸಿ ಹಚ್ಚಿದ್ರ ಒಳಗ ಟಕ್ ಟಕ್ ಸಪ್ಪಳ ಬಂದು ಕರೇ ಸ್ಕ್ರೀನ್ ಮ್ಯಾಲೆ ನಿಂತಬಿಡ್ತು, ಔಟ್‌ಲುಕ್‌ನ್ಯಾಗ 6 ವರ್ಷದ ಮೇಲ್ ಇದ್ವು, ಪಾರ್ಟಿಗಳು ರೇಟ್ ಒಪ್ಪಿದ್ದು, ಪಿಓ ಅಂದ್ರ ಖರೀದಿ ಆರ್ಡರ್, ಎಲ್ಲಾ ಅದರಾಗ. ರಿಪೇರಿಯವ್ರು ಮೇಲ್ ಮರತಬಿಡ್ರಿ ಅಂದ್ರು. ನಿದ್ದಿ ಹತ್ತವಲ್ದು.

ಉತ್ತರ 1: ಗಾಬರಿ ಆಗಬ್ಯಾಡ್ರಿ, ಮೊದ್ಲ ಮೊಬೈಲ್ ಬ್ರೌಸರ್‌ನ್ಯಾಗ ವೆಬ್‌ಮೇಲ್ ತೆಗದ ನೋಡ್ರಿ. ಐಮ್ಯಾಪ್, ಪಾಪ್ ಅಂತ ಮೇಲ್ ಪಿಸಿಗೆ ತರೂ ಪದ್ಧತಿ ಇರ್ತಾವ. ಐಮ್ಯಾಪ್ ಇದ್ರ ಮೇಲ್ ಸರ್ವರ್‌ನ್ಯಾಗ, ಅಂದ್ರ ಮೇಲ್ ಕಂಪನಿ ಕಂಪ್ಯೂಟರ್‌ನ್ಯಾಗ ಇರ್ತಾವ, ನಿಮ್ಮ ಪಿಸಿದಾಗ ಇದ್ದದ್ದು ಬರೇ ಕಾಪಿ. ಪಾಪ್ ಇದ್ರ ತ್ರಾಸ, ಅದು ಹೆಚ್ಚಾಗಿ ಮೇಲ್ ಇಳಿಸ್ಕೊಂಡು ಸರ್ವರ್ ಖಾಲಿ ಮಾಡ್ತದ, ಆಮ್ಯಾಲೆ ಎಲ್ಲಾ ಪಿಸಿದಾಗ ಔಟ್‌ಲುಕ್ ಇಡೂ ಆ ಒಂದ ಪಿಎಸ್‌ಟಿ ಫೈಲಿನಾಗ.

ಪ್ರಶ್ನೆ ಕೇಳಿದವರು: ನೋಡಿದೆ ರಿ, 14 ದಿನದ ಮೇಲ್ ಅಷ್ಟ ಅದಾವ.

ಉತ್ತರ 1: ಹಂಗಾರ ಪಾಪ್‌ನ. ಔಟ್‌ಲುಕ್‌ನ್ಯಾಗ 14 ದಿನ ಆದಮ್ಯಾಲೆ ಸರ್ವರಿಂದ ತೆಗಿ ಅಂತ ಸೆಟ್ಟಿಂಗ್ ಇರ್ತದ.

ಉತ್ತರ 2: ಟಕ್ ಟಕ್ ಅಂದ್ರಲ್ಲ, ಕೈ ಮುಗೀತೀನಿ, ಪಿಸಿ ಒಳಗಿನ ಆ ಹಾರ್ಡ್ ಡಿಸ್ಕ್ ಮತ್ತ ಹಚ್ಚಬ್ಯಾಡ್ರಿ. ಒಳಗ ಡೇಟಾ ಓದೂ ಹೆಡ್ ಕೆಟ್ಟಿದ್ರ ತಿರಗತಿರಗತ ಪ್ಲೇಟ್ ಗೀರಿಬಿಡ್ತದ, ಗೀರಿದ ಜಾಗಾದಾಗಿಂದು ಯಾರಿಂದನೂ ಬರಂಗಿಲ್ಲ. ಡಿಸ್ಕ್ ಬಿಚ್ಚೂದು ಧೂಳಿಲ್ಲದ ಕ್ಲೀನ್ ರೂಮ್ ಇರೋ ಲ್ಯಾಬಿನ್ಯಾಗ ಅಷ್ಟ, ಅಂಗಡಿ ಟೇಬಲ್ ಮ್ಯಾಲೆ ಅಲ್ಲ. ಖರ್ಚು ಭಾಳ, ಆದ್ರೂ ರಿಪೇರಿಯವ್ರ ಮಾತ ಕೊನಿ ಮಾತಲ್ಲ.

ಉತ್ತರ 3: ಗದಗಿಂದ ರಿ. ನಮಗೂ ಹಿಂಗ ಆಗಿತ್ತು, ಡಿಸ್ಕ್ ಬರಲಿಲ್ಲ. ಮೇಲ್ ಅಂದ್ರ ಎರಡೂ ಕಡೆ ಇರ್ತದಲ್ರಿ, ಪಾರ್ಟಿಗಳಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿ ಅವರ ಸೆಂಟ್ ಫೋಲ್ಡರಿಂದ ಫಾರ್ವರ್ಡ್ ಮಾಡಿಸ್ಕೊಂಡ್ವಿ, ಸಿಸಿದಾಗ ಇದ್ದ ನಮ್ಮ ಸ್ಟೋರ್‌ನವರ ಕಡೆನೂ ಅರ್ಧ ಸಿಕ್ವು.

ಪ್ರಶ್ನೆ ಕೇಳಿದವರು: ಪಿಸಿಯಿಂದ ಡಿಸ್ಕ್ ಹೊರಗ ತೆಗಿಸಿ ಬಟ್ಟಿ ಸುತ್ತಿ ಕಪಾಟಿನ್ಯಾಗ ಇಟ್ಟೀನ್ರಿ. ನಾಳಿಂದ ಫೋನ್ ಹಚ್ಚತೀನಿ.