ಹಣದ ಮಾತನ್ನು ನುಂಗಿಕೊಳ್ಳದ ಪ್ರೇಮಕಥೆಗಳು ಇವೆಯೇ?

ರಾತ್ರಿಪಾಳಿ ಕೇಳಿದ್ದು:

ಆಗರ್ಭ ಶ್ರೀಮಂತ ನಾಯಕ, ಕೈಯಲ್ಲಿ ಕಾಸಿಲ್ಲದ ನಾಯಕಿ. ಅವನ ತಾಯಿ ಅವಳನ್ನು ಕರೆಸಿ, ಮೇಜಿನ ಮೇಲೆ ದಪ್ಪನೆಯ ಲಕೋಟೆಯೊಂದನ್ನು ಸರಿಸಿ, ನನ್ನ ಮಗನನ್ನು ಬಿಟ್ಟುಬಿಡು ಎನ್ನುತ್ತಾಳೆ. ನಾಯಕಿ ಲಕೋಟೆಯನ್ನು ತೆರೆದೂ ನೋಡದೆ ಎದ್ದು ಹೋಗುತ್ತಾಳೆ. ಕೊರಿಯದ ಧಾರಾವಾಹಿಗಳಲ್ಲಿ ಈ ದೃಶ್ಯ ಎಷ್ಟು ಸವೆದಿದೆಯೆಂದರೆ, ಲಕೋಟೆ ಕಂಡ ಕೂಡಲೇ ಮುಂದಿನ ಸಂಭಾಷಣೆಯನ್ನು ನಾನೇ ಒಪ್ಪಿಸಬಲ್ಲೆ. ಆದರೂ ನೋಡುತ್ತೇನೆ. ನಾಚಿಕೆಯೇನೂ ಇಲ್ಲ.

ನನ್ನ ತಕರಾರು ಬೇರೆ. ಮೊದಲ ಕಂತಿನಲ್ಲಿ ಅವಳು ಮನೆ ಬಾಡಿಗೆ ಬಾಕಿ ಉಳಿಸಿಕೊಂಡಿರುತ್ತಾಳೆ, ತಮ್ಮನ ಶುಲ್ಕ ಕಟ್ಟಬೇಕಾಗಿರುತ್ತದೆ. ಪ್ರೀತಿ ಶುರುವಾದದ್ದೇ ತಡ, ಬಾಡಿಗೆಯೂ ಇಲ್ಲ, ಶುಲ್ಕವೂ ಇಲ್ಲ. ಅವನು ಅವಳ ಕಚೇರಿಯ ಮಾಲೀಕನೂ ಆಗಿರುತ್ತಾನೆ. ಅವಳು ಒಲ್ಲೆ ಎಂದರೆ ನೌಕರಿಯ ಗತಿಯೇನು ಎಂದು ಒಬ್ಬರೂ ಕೇಳುವುದಿಲ್ಲ. ಅವಳನ್ನು ಬೈದ ಮೇಲಧಿಕಾರಿಯನ್ನು ಅವನು ಒಂದೇ ಫೋನ್ ಕರೆಯಲ್ಲಿ ಎತ್ತಂಗಡಿ ಮಾಡಿಸಿದರೆ ಹಿನ್ನೆಲೆಯಲ್ಲಿ ಪಿಟೀಲು ನುಡಿಯುತ್ತದೆ. ಅದೇ ಫೋನ್ ನಾಳೆ ಅವಳ ಮೇಲೂ ತಿರುಗಬಹುದಲ್ಲ?

ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವ ಚಿತ್ರ ಅಥವಾ ಸರಣಿ ಇದ್ದರೆ ಹೇಳಿ. ಕಪ್ಪುಬಿಳುಪಿನದಾದರೂ ಸರಿ. ಕೊನೆಯಲ್ಲಿ ಎಲ್ಲರೂ ಅಳಲೇಬೇಕೆಂದಿಲ್ಲ, ಆದರೆ ಭಾಷಣ ಮಾತ್ರ ಬೇಡ.

ಖಾತೆಕಿರ್ದಿ ಉತ್ತರ:

ನನ್ನ ಕಸುಬು ಲೆಕ್ಕಪರಿಶೋಧನೆ. ಪ್ರೇಮದ ಚಿತ್ರ ನೋಡುವಾಗಲೂ ಈ ಚಾಳಿ ಬಿಡುವುದಿಲ್ಲ: ಯಾರು ಕೊಟ್ಟರು, ಯಾರು ಪಡೆದರು, ಈ ಸಂಬಂಧ ಮುರಿದರೆ ಯಾರಿಗೆ ಎಷ್ಟು ನಷ್ಟ. ಮೂರನೆಯದೇ ನಿಜವಾದ ಪ್ರಶ್ನೆ. ಏನನ್ನೂ ಕಳೆದುಕೊಳ್ಳದೆ ಎದ್ದು ಹೋಗಬಲ್ಲವರ ಕೈಯಲ್ಲಿ ಜುಟ್ಟು ಇರುತ್ತದೆ. ಮಿಕ್ಕದ್ದೆಲ್ಲ ಹೂಗುಚ್ಛ.

ನೀವು ಕೇಳಿದ್ದಕ್ಕೆ ಮೊದಲ ಉತ್ತರ ಬಿಲ್ಲಿ ವೈಲ್ಡರ್ ನಿರ್ದೇಶಿಸಿದ 'ದಿ ಅಪಾರ್ಟ್‌ಮೆಂಟ್' (1960). ನ್ಯೂಯಾರ್ಕಿನ ದೊಡ್ಡ ವಿಮಾ ಕಂಪನಿಯಲ್ಲಿ ಬ್ಯಾಕ್ಸ್‌ಟರ್ ಎಂಬ ಗುಮಾಸ್ತ. ವಿವಾಹಿತರಾದ ಮೇಲಧಿಕಾರಿಗಳು ಗುಟ್ಟಾಗಿ ತಮ್ಮ ಗೆಳತಿಯರನ್ನು ಕರೆದುಕೊಂಡು ಹೋಗಲು ಅವನ ಮನೆಯ ಕೀಲಿಕೈ ಬೇಕು. ಅವನಿಗೆ ಬಡ್ತಿ ಬೇಕು. ಕೀಲಿಕೈ ಅತ್ತ ಹೋಗುತ್ತದೆ, ಶಿಫಾರಸು ಇತ್ತ ಬರುತ್ತದೆ. ಅವನು ಮನಸ್ಸಿಟ್ಟಿರುವುದು ಲಿಫ್ಟ್ ನಡೆಸುವ ಫ್ರಾನ್ ಮೇಲೆ. ಆ ಫ್ರಾನ್ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಶೆಲ್ಡ್ರೇಕ್‌ನ ಜೊತೆ ಅದೇ ಮನೆಗೆ ಬರುತ್ತಿರುತ್ತಾಳೆ.

ಕ್ರಿಸ್‌ಮಸ್ ಹಿಂದಿನ ಸಂಜೆಯ ದೃಶ್ಯವನ್ನು ಗಮನಿಸಿ. ಫ್ರಾನ್ ಶೆಲ್ಡ್ರೇಕ್‌ಗಾಗಿ ಗ್ರಾಮಫೋನ್ ತಟ್ಟೆಯೊಂದನ್ನು ಉಡುಗೊರೆ ತಂದಿದ್ದಾಳೆ. ಅವನು ಏನೂ ತಂದಿಲ್ಲ. ಜೇಬಿನಿಂದ ನೂರು ಡಾಲರಿನ ನೋಟು ತೆಗೆದು, ನಿನಗೆ ಬೇಕಾದದ್ದನ್ನು ಕೊಂಡುಕೋ ಎನ್ನುತ್ತಾನೆ. ಅವನು ಕೆಟ್ಟದಾಗಿ ಏನನ್ನೂ ಆಡಿಲ್ಲ, ದನಿಯನ್ನೂ ಏರಿಸಿಲ್ಲ. ಅವಳು ಕೋಟು ಕಳಚಲು ತೊಡಗುತ್ತಾಳೆ, ಹೇಗೂ ಹಣ ಸಂದಾಯವಾಗಿದೆಯಲ್ಲ ಎನ್ನುವ ಅರ್ಥದಲ್ಲಿ. ನಿಮ್ಮ ಲಕೋಟೆಯಾದರೂ ಮುಚ್ಚಿತ್ತು. ಇಲ್ಲಿ ಬರಿಯ ನೋಟು. ಆ ಕ್ಷಣದವರೆಗೆ ಪ್ರೀತಿ ಎಂದುಕೊಂಡಿದ್ದದ್ದು ಯಾವ ಖಾತೆಗೆ ಸೇರಿದ್ದು ಎಂದು ಅವಳಿಗೆ ಗೊತ್ತಾಗುತ್ತದೆ. ಅವನು ಹೆಂಡತಿ ಮಕ್ಕಳಿರುವ ಮನೆಗೆ ಹೊರಡುತ್ತಾನೆ.

ಬ್ಯಾಕ್ಸ್‌ಟರ್ ಕೂಡ ಬಿಟ್ಟಿಯಾಗಿ ಒಳ್ಳೆಯವನಾಗುವುದಿಲ್ಲ. ಕೊನೆಗೆ ಶೆಲ್ಡ್ರೇಕ್ ಕೀಲಿಕೈ ಕೇಳಿದಾಗ ಇವನು ಮನೆಯದರ ಬದಲು ಅಧಿಕಾರಿಗಳ ಶೌಚಾಲಯದ ಕೀಲಿಕೈಯನ್ನು ಅವನ ಮುಂದಿಡುತ್ತಾನೆ. ನೌಕರಿ ಹೋಯಿತು. ಪ್ರೇಮಿಯೊಬ್ಬ ತನ್ನ ಪ್ರೀತಿಗೆ ಇಷ್ಟು ಖಚಿತವಾಗಿ ಬೆಲೆ ತೆರುವ ಚಿತ್ರಗಳು ಕಡಿಮೆ.

ಎರಡನೆಯ ಸಲಹೆ, ಎರಡು ಚಿತ್ರಗಳನ್ನು ಬೆನ್ನುಬೆನ್ನಿಗೆ ನೋಡಿ. 'ಪ್ರೆಟಿ ವುಮನ್' (1990) ಚಿತ್ರದಲ್ಲಿ ಕಂಪನಿಗಳನ್ನು ಕೊಂಡು ಒಡೆದು ಮಾರುವ ಸಿರಿವಂತ ಬೀದಿಯಲ್ಲಿ ಭೇಟಿಯಾದ ಹೆಣ್ಣಿನೊಂದಿಗೆ ವಾರಕ್ಕೆ 3,000 ಡಾಲರ್ ಎಂದು ಚೌಕಾಸಿ ಮುಗಿಸುತ್ತಾನೆ. ಎರಡು ಸಾವಿರಕ್ಕೂ ಒಪ್ಪುತ್ತಿದ್ದೆ ಎಂದು ಅವಳು ಕೆಣಕಿದರೆ, ನಾಲ್ಕು ಸಾವಿರ ಕೇಳಿದ್ದರೂ ಕೊಡುತ್ತಿದ್ದೆ ಎಂದು ಅವನು. 'ಅನೋರಾ' (2024) ಚಿತ್ರದಲ್ಲಿ ಇದೇ ಚೌಕಾಸಿ ಮರುಕಳಿಸುತ್ತದೆ. ವಾರಕ್ಕೆ 15,000. ಹತ್ತು ಸಾವಿರಕ್ಕೂ ಬರುತ್ತಿದ್ದೆ ಎನ್ನುತ್ತಾಳೆ ನಾಯಕಿ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಮೂವತ್ತಕ್ಕಿಂತ ಕಡಿಮೆಗೆ ಒಪ್ಪುತ್ತಿರಲಿಲ್ಲ ಎನ್ನುತ್ತಾನೆ ರಷ್ಯಾದ ಕುಬೇರನ ಮಗ. ಮೊದಲನೆಯದರಲ್ಲಿ ಚೌಕಾಸಿ ಪ್ರೇಮವಾಗಿ ಅರಳುತ್ತದೆ. ಎರಡನೆಯದರಲ್ಲಿ ಲಾಸ್ ವೇಗಸ್‌ನಲ್ಲಿ ಮದುವೆಯೂ ಆಗುತ್ತದೆ, ಆಮೇಲೆ ಹುಡುಗನ ಅಪ್ಪ ಅಮ್ಮನ ಕಡೆಯವರು ಬಾಗಿಲು ತಟ್ಟುತ್ತಾರೆ. ಹುಡುಗ ಅವಳನ್ನು ಅಲ್ಲೇ ಬಿಟ್ಟು ಓಡಿಹೋಗುತ್ತಾನೆ. ಮದುವೆ ರದ್ದು ಮಾಡಿಕೊಳ್ಳಲು ಅವಳಿಗೆ 10,000 ಡಾಲರ್ ಕೊಡುತ್ತೇವೆ ಎನ್ನುತ್ತಾರೆ. ಒಂದು ವಾರದ ಬಾಡಿಗೆಗಿಂತ ಹೆಂಡತಿಯ ಸ್ಥಾನದ ಬೆಲೆ ಕಡಿಮೆಯಾಯಿತು! ಇದನ್ನು ಚಿತ್ರ ಎಲ್ಲಿಯೂ ಎತ್ತಿ ಹೇಳುವುದಿಲ್ಲ. ಸುಮ್ಮನೆ ಎರಡು ಅಂಕಿಗಳನ್ನು ಇಟ್ಟು ಮುಂದೆ ಹೋಗುತ್ತದೆ.

ಅಂದಹಾಗೆ 'ಪ್ರೆಟಿ ವುಮನ್' ಚಿತ್ರದ ಮೂಲ ಚಿತ್ರಕಥೆಯ ಹೆಸರು '3000'. ಅದರಲ್ಲಿ ಅವರು ಒಂದಾಗುತ್ತಿರಲಿಲ್ಲ.

ಹಗಲುಗನಸು ಉತ್ತರ:

ಖಾತೆಕಿರ್ದಿಯವರೇ, ನಿಮ್ಮ ಜೊತೆ ಕೂತು ಸಿನಿಮಾ ನೋಡುವವರ ಬಗ್ಗೆ ನನಗೆ ಮರುಕವಿದೆ.

ಹಣವನ್ನು ಬಚ್ಚಿಡುತ್ತಾರೆ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಈ ಜಾತಿಯ ಕಥೆಗಳ ಹಿರಿಯಜ್ಜಿ ಜೇನ್ ಆಸ್ಟಿನ್‌ರ ಕಾದಂಬರಿ 'ಪ್ರೈಡ್ ಅಂಡ್ ಪ್ರೆಜುಡಿಸ್' (1813). ನಾಯಕ ಡಾರ್ಸಿ ನೃತ್ಯಕೂಟಕ್ಕೆ ಕಾಲಿಟ್ಟು ಸ್ವಲ್ಪ ಹೊತ್ತಿನಲ್ಲೇ ಅವನ ವರಮಾನ ವರ್ಷಕ್ಕೆ 10,000 ಪೌಂಡ್ ಎಂಬ ಸುದ್ದಿ ಸಭಾಂಗಣದ ತುಂಬ ಹರಡುತ್ತದೆ. ಅವನ ಗುಣ ತಿಳಿಯುವುದು ಆಮೇಲೆ. ನಾಯಕಿ ಎಲಿಜಬೆತ್‌ಳ ತಂದೆಯ ಆಸ್ತಿ ಹೆಣ್ಣುಮಕ್ಕಳಿಗೆ ಬರುವಂತಿಲ್ಲ, ದಾಯಾದಿಯ ಪಾಲಾಗುತ್ತದೆ, ಅದಕ್ಕೇ ತಾಯಿಗೆ ಆ ಪರಿಯ ಗಡಿಬಿಡಿ. ಅವನನ್ನು ಯಾವಾಗಿನಿಂದ ಪ್ರೀತಿಸಿದೆ ಎಂದು ಅಕ್ಕ ಕೇಳಿದರೆ, ಅವನ ಎಸ್ಟೇಟನ್ನು ಮೊದಲ ಸಲ ನೋಡಿದಾಗಿನಿಂದ ಎಂದು ಎಲಿಜಬೆತ್ ತಮಾಷೆ ಮಾಡುತ್ತಾಳೆ. ಬಿಬಿಸಿಯ 1995ರ ಆರು ಕಂತುಗಳ ಸರಣಿಯಲ್ಲಿ ಆ ಬಂಗಲೆ ಮೊದಲು ಕಣ್ಣಿಗೆ ಬೀಳುವ ಗಳಿಗೆ ನೋಡಿ. ಅವಳ ಮುಖದಲ್ಲಿರುವುದು ಪ್ರೀತಿಯೋ ಆಸೆಯೋ ಎಂದು ಬಿಡಿಸಿ ಹೇಳಿದವರಿಗೆ ನಾನು ಶರಣು. ಆ ಬೆರಕೆಯೇ ನನಗೆ ಇಷ್ಟ. ಬಿಡಿಸಲು ಹೋಗಬೇಡಿ.

ಕೊನೆಯಸಾಲು ಉತ್ತರ:

ಎಲ್ಲರೂ ಗಂಡಿನ ಹಣದ ಬಗ್ಗೆಯೇ ಮಾತನಾಡುತ್ತಿದ್ದೀರಿ. ಹೆಣ್ಣಿನ ಕೈಯಲ್ಲಿ ಹಣ, ಅಧಿಕಾರ ಎರಡೂ ಇದ್ದಾಗ ಕಥೆ ಏನು ಮಾಡುತ್ತದೆ? ನಮ್ಮದೇ 'ಅನುರಾಗ ಅರಳಿತು' (1986) ಇದೆಯಲ್ಲ. ರಾಜ್‌ಕುಮಾರ್ ಕಾರ್ಖಾನೆಯ ಮೆಕ್ಯಾನಿಕ್, ಮಾಧವಿ ಅದರ ಒಡತಿ. ಅದೇ ಕಥೆ 1992ರಲ್ಲಿ ತಮಿಳಿನ 'ಮನ್ನನ್', ತೆಲುಗಿನ 'ಘರಾನಾ ಮೊಗುಡು' ಆಯಿತು, 1994ರಲ್ಲಿ ಹಿಂದಿಯ 'ಲಾಡ್ಲಾ' ಆಯಿತು. ಹಾಡು ಬದಲಾಗಿರಬಹುದು, ಆದರೆ ಒಡತಿಯ ಗರ್ವ ಇಳಿಸುವ ಕೆಲಸ ಎಲ್ಲೂ ತಪ್ಪಲಿಲ್ಲ. ನಾಯಕ ಮಾಲೀಕನಾದರೆ ಪ್ರೀತಿ ಅವನನ್ನು ಮೃದುವಾಗಿಸುತ್ತದೆ, ಕಂಪನಿ ಅವನಲ್ಲೇ ಉಳಿಯುತ್ತದೆ. ನಾಯಕಿ ಮಾಲೀಕಳಾದರೆ ಅವಳಿಗೆ ಬುದ್ಧಿ ಕಲಿಸಬೇಕು. ಅಣ್ಣಾವ್ರ ಅಭಿಮಾನಿಯಾಗಿಯೇ ಹೇಳುತ್ತಿದ್ದೇನೆ, ಹಾಡುಗಳು ಬಂದಾಗ ಈ ಸಿಟ್ಟು ಮರೆತುಹೋಗುತ್ತದೆ ಎನ್ನುವುದೂ ನಿಜ.

ಕೊರಿಯದ 'ಕ್ವೀನ್ ಆಫ್ ಟಿಯರ್ಸ್' (2024) ಇದನ್ನು ಸ್ವಲ್ಪ ತಿರುಗಿಸಿದೆ. ಹಳ್ಳಿಯಿಂದ ಬಂದ ವಕೀಲ ದೊಡ್ಡ ಉದ್ಯಮ ಮನೆತನದ ಮಗಳನ್ನು ಮದುವೆಯಾಗಿ ಅದೇ ಕಂಪನಿಯಲ್ಲಿ ದುಡಿಯುತ್ತಾನೆ. ಮೊದಲ ಕಂತಿನಲ್ಲಿ ಹಿರಿಯರ ಶ್ರಾದ್ಧದ ಅಡುಗೆಯನ್ನು ಆ ಮನೆಯ ಅಳಿಯಂದಿರೆಲ್ಲ ಸಾಲಾಗಿ ಕೂತು ಮಾಡುತ್ತಾರೆ. ಒಬ್ಬೊಬ್ಬರದೂ ಭಾರಿ ಪದವಿ, ಈಗ ಎಲ್ಲರೂ ಬಾಣಲೆಯ ಮುಂದೆ. ನಗು ಬರುತ್ತದೆ, ಸೊಸೆಯಂದಿರು ಇದನ್ನೇ ಮಾಡಿದಾಗ ನಗು ಬಂದಿರಲಿಲ್ಲ. ವಿಚ್ಛೇದನ ಕೇಳಬೇಕೆಂದರೆ ಹೆದರಿ ನಡುಗುವವನು ಗಂಡನೇ. ಖಾತೆಕಿರ್ದಿಯವರೇ, ಎದ್ದು ಹೋಗುವ ಲೆಕ್ಕ ಹೇಳಿದಿರಲ್ಲ, ಅದಕ್ಕೆ ಇದು ಸರಿಹೊಂದುತ್ತದೆ. ನಡುವೆ ರೋಗ, ಒಳಸಂಚು ಎಲ್ಲ ಬಂದು ಕಥೆ ಜಾಳಾಗುತ್ತದೆ ಎಂದು ಮೊದಲೇ ಹೇಳಿರುತ್ತೇನೆ.

ರಾತ್ರಿಪಾಳಿ:

ಎಲ್ಲರಿಗೂ ಧನ್ಯವಾದ. ಅಳಿಯಂದಿರ ಅಡುಗೆಗಾಗಿಯಾದರೂ ಅದನ್ನು ನೋಡುತ್ತೇನೆ. ಖಾತೆಕಿರ್ದಿಯವರೇ, ಲೆಕ್ಕ ಕೇಳಿಯೂ ಖುಷಿಯಾಗಿ ಮುಗಿಯುವುದು ಒಂದಾದರೂ ಇದೆಯೇ? ಮೊದಲು ಅದರಿಂದ ಶುರು ಮಾಡೋಣ ಎಂದಿದ್ದೇನೆ.

ಖಾತೆಕಿರ್ದಿ:

ಕೇಳಿದ್ದು ಒಳ್ಳೆಯದಾಯಿತು, 'ದಿ ಅಪಾರ್ಟ್‌ಮೆಂಟ್'ನಲ್ಲಿ ಆತ್ಮಹತ್ಯೆಯ ಯತ್ನವೊಂದಿದೆ, ಮನಸ್ಸು ಗಟ್ಟಿಯಿದ್ದ ದಿನ ನೋಡಿ.

ಖುಷಿಗೆ ಫ್ರಾಂಕ್ ಕಾಪ್ರಾರ 'ಇಟ್ ಹ್ಯಾಪನ್ಡ್ ಒನ್ ನೈಟ್' (1934). ಮನೆಬಿಟ್ಟು ಓಡಿಬಂದ ಕೋಟ್ಯಧಿಪತಿಯ ಮಗಳು, ಕೆಲಸ ಕಳೆದುಕೊಂಡ ಪತ್ರಕರ್ತ. ಅವಳನ್ನು ಹುಡುಕಿಕೊಟ್ಟವರಿಗೆ 10,000 ಡಾಲರ್ ಬಹುಮಾನ. ಕೊನೆಗೆ ಇವನು ತಂದೆಯ ಬಳಿ ಹಣ ಕೇಳಲು ಬಂದಾಗ ತಂದೆ ಬಹುಮಾನವೆಂದೇ ಭಾವಿಸುತ್ತಾನೆ. ಇವನು ಮುಂದಿಡುವುದು ಖರ್ಚಿನ ಪಟ್ಟಿ: ನಗದು 8.60, ಮೇಲಂಗಿ 15, ಸೂಟ್‌ಕೇಸ್ 7.50, ಟೋಪಿ 4, ಮೂರು ಅಂಗಿ 4.50. ಪೆಟ್ರೋಲಿಗೆ ಕಾಸಿಲ್ಲದೆ ಮಾರಿಕೊಂಡ ಸಾಮಾನುಗಳವು. ಒಟ್ಟು 39 ಡಾಲರ್ 60 ಸೆಂಟ್. ನಾನು ಕೂಡಿಸಿಯೂ ನೋಡಿದ್ದೇನೆ, ಸರಿಯಾಗಿದೆ. ಮಗಳಿಗೆ ತಕ್ಕವನು ಇವನೇ ಎಂದು ತಂದೆಗೆ ಮನವರಿಕೆಯಾಗುವುದು ಆ ಪಟ್ಟಿ ನೋಡಿದ ಮೇಲೆ. ಚೆಕ್ ಅನ್ನು ಸಹಿ ಮಾಡಿಯೇ ಕೊಡುತ್ತಾನೆ.