ಹೊಸ ನಾಯಿಮರಿ ರಾತ್ರಿಯಿಡೀ ಅಳುತ್ತಿದೆ: ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ರಾಜರಾಜೇಶ್ವರಿ ನಗರದ ಸದಸ್ಯೆ):

ಡಾಕ್ಟರೇ, ನಮಸ್ಕಾರ. ಕಳೆದ ಶನಿವಾರ ಒಂಬತ್ತು ವಾರದ ನಾಟಿ ಹೆಣ್ಣುಮರಿಯೊಂದನ್ನು ಮನೆಗೆ ತಂದಿದ್ದೇವೆ. ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ನಾನು, ನಮ್ಮ ಯಜಮಾನರು, ಎಂಟು ವರ್ಷದ ಮಗಳು ಮತ್ತು ಅತ್ತೆಯವರು ಇದ್ದೇವೆ. ಹಗಲೆಲ್ಲ ಆಡಿಕೊಂಡಿರುವ ಮರಿ ರಾತ್ರಿ ದೀಪ ಆರಿಸಿದ ಕೂಡಲೇ ಒಂದೇ ಸಮನೆ ಅಳಲು ಶುರುಮಾಡುತ್ತದೆ. ಬಾಲ್ಕನಿಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಹಾಸಿಗೆ ಮಾಡಿಕೊಟ್ಟಿದ್ದೇವೆ. ಅತ್ತರೆ ಅಳಲಿ, ಎತ್ತಿಕೊಂಡರೆ ಅಭ್ಯಾಸ ಕೆಡುತ್ತದೆ ಎಂದು ಪರಿಚಿತರೊಬ್ಬರು ಹೇಳಿದ್ದರಿಂದ ಎರಡು ರಾತ್ರಿ ಹೋಗಿ ನೋಡಲೇ ಇಲ್ಲ. ಮಗಳೂ ಅತ್ತಳು, ಕೆಳಗಿನ ಮನೆಯವರೂ ಬೇಸರ ಮಾಡಿಕೊಂಡರು. ಇದಲ್ಲದೆ ಮರಿ ಕಂಡಕಂಡಲ್ಲಿ ಮೂತ್ರ ಮಾಡುವುದರಿಂದ ಅತ್ತೆಯವರಿಗೆ ದೇವರ ಮನೆಯದೇ ಚಿಂತೆಯಾಗಿದೆ. ನಾವು ಏನು ಮಾಡಬೇಕು?

ಉತ್ತರ (ಪಶುವೈದ್ಯರು):

ನಮಸ್ಕಾರ. ಇಂದು ರಾತ್ರಿಯೇ ಮರಿಯನ್ನು ಬಾಲ್ಕನಿಯಿಂದ ಒಳಗೆ ತಂದು, ನಿಮ್ಮಲ್ಲಿ ಒಬ್ಬರು ಮಲಗುವ ಕೋಣೆಯಲ್ಲಿಯೇ ಮಲಗಿಸಿ. ಉಳಿದ ಮಾತುಗಳೆಲ್ಲ ಇದರ ನಂತರದ್ದು.

ಹುಟ್ಟಿದಾಗಿನಿಂದ ತಾಯಿಯ ಹೊಟ್ಟೆಗೆ ಒತ್ತಿಕೊಂಡು, ಒಡಹುಟ್ಟಿದವರ ರಾಶಿಯಲ್ಲಿ ಒಂದರ ಮೇಲೊಂದು ಬಿದ್ದು ಮಲಗಿದ ಮರಿಯು ಒಂದೇ ದಿನದಲ್ಲಿ ಆ ಶಾಖ, ಆ ವಾಸನೆ, ಆ ಉಸಿರಾಟದ ಸದ್ದು ಎಲ್ಲವನ್ನೂ ಕಳೆದುಕೊಂಡಿದೆ. ತಾಯಿಯಿಂದ ದೂರವಾದ ಮರಿ ಕೂಗಿ ಕರೆಯುವುದು ಹಟವಲ್ಲ. ತನ್ನವರು ತನ್ನನ್ನು ಹುಡುಕಿಕೊಂಡು ಬರಲಿ ಎಂದು ಅದಕ್ಕೆ ಹುಟ್ಟಿನಿಂದಲೇ ಬಂದಿರುವ ದಾರಿ. ಎರಡು ರಾತ್ರಿ ಯಾರೂ ಬಾರದೆ ಅದು ಕೊನೆಗೆ ಸುಮ್ಮನಾಗಿದ್ದರೆ, ದಣಿದು ಸುಮ್ಮನಾಗಿರುತ್ತದೆಯೇ ಹೊರತು ಧೈರ್ಯ ಬಂದು ಅಲ್ಲ. ನಿಮ್ಮ ಪರಿಚಿತರ ಸಲಹೆಯನ್ನು ನಾನು ಖಂಡಿತವಾಗಿ ಒಪ್ಪುವುದಿಲ್ಲ.

ಪೆಟ್ಟಿಗೆಯನ್ನು ಮಂಚದ ಪಕ್ಕದಲ್ಲಿ, ಕೈ ಇಳಿಬಿಟ್ಟರೆ ಮರಿಗೆ ತಾಗುವಷ್ಟು ಹತ್ತಿರ ಇಡಿ. ಒಳಗೆ ಉಟ್ಟು ಮೆತ್ತಗಾದ ಹತ್ತಿ ಸೀರೆಯೊಂದನ್ನು, ಒಗೆಯದೆ, ಮಡಚಿ ಹಾಸಿ. ಮರಿ ಮೊದಲು ಅದನ್ನು ಮೂಸುತ್ತದೆ, ಎರಡು ಮುಂಗಾಲುಗಳಿಂದ ಒತ್ತುತ್ತದೆ, ಸುತ್ತು ಹಾಕಿ ಮೂಗನ್ನು ಮಡಿಕೆಯೊಳಗೆ ತೂರಿಸಿ ನಿಟ್ಟುಸಿರು ಬಿಡುತ್ತದೆ. ಆ ನಿಟ್ಟುಸಿರು ಕೇಳಿದರೆ ನಿಮಗೂ ನಿದ್ದೆ ಬರುತ್ತದೆ. ನಡುವೆ ಎದ್ದು ಕುಂಯ್‌ಗುಟ್ಟಿದರೆ ದೀಪ ಹಾಕಿ ಆಟಕ್ಕೆ ಇಳಿಯದೆ, ಕೈಯಿಟ್ಟು ಮೆಲ್ಲಗೆ ಒಂದು ಮಾತಾಡಿದರೆ ಸಾಕು. ಮರಿಗೆ ನೆಮ್ಮದಿ ಕಂಡ ಮೇಲೆ ಪೆಟ್ಟಿಗೆಯನ್ನು ದಿನಕ್ಕೆ ಒಂದೆರಡು ಅಡಿಯಂತೆ, ಕೊನೆಗೆ ಅದು ಮಲಗಬೇಕೆಂದು ನೀವು ಬಯಸುವ ಜಾಗಕ್ಕೆ ಸರಿಸುತ್ತಾ ಹೋಗಬಹುದು. ಕೆಲವು ಮನೆಗಳಲ್ಲಿ ಇದಕ್ಕೆ ಒಂದು ವಾರ ಸಾಕಾಗುತ್ತದೆ, ಕೆಲವು ಕಡೆ ತಿಂಗಳು ಹಿಡಿಯುತ್ತದೆ.

ಈ ವಯಸ್ಸಿನ ಮರಿ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಮಾಡಬೇಕು. ನೋಡಲು ಬಂದ ಅಕ್ಕಪಕ್ಕದವರೆಲ್ಲ ಎತ್ತಿ ಮುದ್ದಿಸುತ್ತಿದ್ದರೆ ಅದರ ಹಗಲಿನ ನಿದ್ದೆ ಕೆಡುತ್ತದೆ, ಸಂಜೆಯ ಹೊತ್ತಿಗೆ ಅತಿಯಾಗಿ ದಣಿದು ಕಚ್ಚಲು ಬರುತ್ತದೆ. ಮಲಗಿರುವ ಮರಿಯನ್ನು ಎಬ್ಬಿಸಬಾರದು ಎಂಬ ಒಂದು ನಿಯಮವನ್ನು ಕಾಯುವ ಕೆಲಸವನ್ನು ಮಗಳಿಗೆ ವಹಿಸಿ. ಮಕ್ಕಳು ಇಂಥ ಜವಾಬ್ದಾರಿಯನ್ನು ಬಹಳ ಶ್ರದ್ಧೆಯಿಂದ ಮಾಡುತ್ತಾರೆ.

ಮೂತ್ರದ ವಿಚಾರ. ಎರಡು ತಿಂಗಳ ಮರಿ ಹಗಲಿನಲ್ಲಿ ಹೆಚ್ಚೆಂದರೆ ಎರಡು ಮೂರು ಗಂಟೆ ತಡೆದುಕೊಳ್ಳಬಲ್ಲದು. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಸ್ವಲ್ಪ ಹೊತ್ತಿಗೆ, ಆಟ ಮುಗಿದ ಮೇಲೆ ಮತ್ತು ಮಲಗುವ ಮುನ್ನ ಅದನ್ನು ಎತ್ತಿಕೊಂಡು ಹೋಗಿ ಒಂದೇ ಜಾಗದಲ್ಲಿ ಬಿಡಿ. ನಿಮ್ಮ ಬಾಲ್ಕನಿಯ ಮೂಲೆಯಲ್ಲಿ ಹಾಸಿದ ಹಳೆಯ ಪತ್ರಿಕೆ ಇದಕ್ಕೆ ಸರಿಹೋಗುತ್ತದೆ. ಆದರೆ ಕಂಬಿಗಳ ಸಂದಿಯನ್ನು ಬಲೆಯಿಂದ ಮುಚ್ಚಿರಬೇಕು. ಮೂಗನ್ನು ನೆಲಕ್ಕೆ ಹಚ್ಚಿ ಸುತ್ತತೊಡಗಿದರೆ ನಿಮಗೆ ಕೆಲವೇ ಕ್ಷಣಗಳ ಸಮಯವಿದೆ ಎಂದು ತಿಳಿಯಿರಿ. ಸರಿಯಾದ ಜಾಗದಲ್ಲಿ ಮಾಡಿದ ತಕ್ಷಣ ಹೊಗಳಿ, ತಪ್ಪಿದಾಗ ಬೈಯಬೇಡಿ, ಮೂತಿಯನ್ನು ಮೂತ್ರಕ್ಕೆ ಒತ್ತುವುದಂತೂ ಬೇಡವೇ ಬೇಡ. ಹಾಗೆ ಮಾಡಿದರೆ ಮರಿ ನಿಮ್ಮ ಕಣ್ಣು ತಪ್ಪಿಸಿ ಸೋಫಾದ ಹಿಂದೆ ಹೋಗಲು ಕಲಿಯುತ್ತದೆ. ನೆಲ ಒರೆಸಲು ಫಿನಾಯಿಲ್ ಬದಲು ನೀರು ಬೆರೆಸಿದ ವಿನೆಗರ್ ಬಳಸಿ, ಏಕೆಂದರೆ ಮರಿ ನೆಲವನ್ನೂ ತನ್ನ ಕಾಲನ್ನೂ ನೆಕ್ಕುತ್ತಲೇ ಇರುತ್ತದೆ. ದೇವರ ಮನೆಯ ಬಾಗಿಲಿಗೆ ಮಕ್ಕಳಿಗೆ ಹಾಕುವಂಥ ಒಂದು ಅಡ್ಡಗೇಟು ಹಾಕಿಸಿದರೆ ಅತ್ತೆಯವರ ನೆಮ್ಮದಿಯೂ ಉಳಿಯುತ್ತದೆ. ಅವರ ಮಡಿಯನ್ನು ಮನೆಯವರೆಲ್ಲ ಗೌರವಿಸಿದರೆ ಅವರಿಗೂ ಮರಿಯ ಮೇಲೆ ಮುನಿಸು ಉಳಿಯುವುದಿಲ್ಲ.

ಪ್ರಶ್ನೆ (ಹನುಮಂತನಗರದ ಸದಸ್ಯರು):

ಸರ್, ನಮ್ಮ ಮನೆಯಲ್ಲಿಯೂ ಎರಡೂವರೆ ತಿಂಗಳ ಮರಿ ಇದೆ. ಲಸಿಕೆ ಪೂರ್ತಿಯಾಗುವವರೆಗೆ ಹೊರಗೆ ಕರೆದೊಯ್ಯಬಾರದು ಎನ್ನುತ್ತಾರೆ. ಅಲ್ಲಿಯವರೆಗೆ ಮನೆಯೊಳಗೇ ಇಡಬೇಕೆ?

ಉತ್ತರ:

ನೆಲಕ್ಕೆ ಬಿಡಬೇಡಿ, ಆದರೆ ಹೊರಗೆ ಖಂಡಿತ ಕರೆದೊಯ್ಯಿರಿ. ಮರಿಗಳಿಗೆ ಪ್ರಾಣಾಪಾಯದ ವಾಂತಿಭೇದಿ ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹೀಗಾಗಿ ಆರರಿಂದ ಎಂಟು ವಾರಗಳ ನಡುವೆ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, 16 ವಾರ ತುಂಬುವವರೆಗೆ ಹಾಕುವ ಲಸಿಕೆಗಳನ್ನೂ ಮೂರು ತಿಂಗಳಿಗೆ ಹಾಕುವ ರೇಬಿಸ್ ಲಸಿಕೆಯನ್ನೂ ತಪ್ಪಿಸುವಂತಿಲ್ಲ. ಆದರೆ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿಯೇ ಮರಿಯು ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದನ್ನು ಕಲಿಯುತ್ತದೆ. ಈ ಕಾಲವನ್ನು ನಾಲ್ಕು ಗೋಡೆಗಳೊಳಗೆ ಕಳೆದ ಮರಿ ಮುಂದೆ ಆಟೋ, ಹೆಲ್ಮೆಟ್ ಧರಿಸಿದವರು, ಪ್ರೆಶರ್ ಕುಕ್ಕರಿನ ಸೀಟಿ ಎಲ್ಲಕ್ಕೂ ನಡುಗಬಹುದು. ಎದೆಗವಚಿಕೊಂಡು ಗಾಂಧಿ ಬಜಾರಿನ ಹೂವಿನಂಗಡಿಗಳ ಬಳಿ ಜನ ಕಡಿಮೆ ಇರುವ ಬೆಳಗಿನ ಹೊತ್ತು ಹತ್ತು ನಿಮಿಷ ನಿಲ್ಲಿ, ಅದು ನೋಡಲಿ, ಕೇಳಲಿ. ಹೆದರಿ ಮುಖ ಮುಚ್ಚಿಕೊಂಡರೆ ದೂರ ಸರಿಯಿರಿ.

ಪ್ರಶ್ನೆ (ರಾಜರಾಜೇಶ್ವರಿ ನಗರದ ಸದಸ್ಯೆ, ನಾಲ್ಕು ದಿನಗಳ ನಂತರ):

ಡಾಕ್ಟರೇ, ನಿನ್ನೆ ರಾತ್ರಿ ಮರಿ ಒಮ್ಮೆ ಮಾತ್ರ ಎದ್ದಿತು. ಈಗ ಅತ್ತೆಯವರೇ ಪೂಜೆ ಮುಗಿಸಿ ಬಂದು ಅದಕ್ಕೆ ಪ್ರಸಾದ ಕೊಡಲು ಶುರುಮಾಡಿದ್ದಾರೆ. ಪಾಯಸ, ಹಾಲು ಕೊಡಬಹುದೇ?

ಉತ್ತರ:

ಬಹಳ ಸಂತೋಷವಾಯಿತು. ಆದರೆ ಪಾಯಸ ಬೇಡ; ಅದರಲ್ಲಿರುವ ದ್ರಾಕ್ಷಿ, ಒಣಗಿದ್ದಾಗಲಿ ಹಸಿಯದಾಗಲಿ, ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿಯೂ ವಿಷವೇ. ಹಸುವಿನ ಹಾಲಿನಿಂದ ಅನೇಕ ಮರಿಗಳಿಗೆ ಭೇದಿಯಾಗುತ್ತದೆ. ಮೊದಲ ವಾರ ಮರಿಯನ್ನು ಕೊಟ್ಟವರು ಹಾಕುತ್ತಿದ್ದ ಆಹಾರವನ್ನೇ ಮುಂದುವರಿಸಿ, ಬದಲಿಸುವುದಿದ್ದರೆ ಏಳು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬೆರೆಸುತ್ತಾ ಬನ್ನಿ. ಅತ್ತೆಯವರ ಕೈಯಿಂದಲೇ ಕೊಡಿಸಬೇಕೆಂದಿದ್ದರೆ ಉಪ್ಪು ಹಾಕದೆ ಬೇಯಿಸಿದ ಕ್ಯಾರೆಟ್ಟಿನ ಚಿಕ್ಕ ತುಂಡು ಅಥವಾ ಬೀಜ ತೆಗೆದ ಸೇಬಿನ ಚೂರು ಕೊಡಿಸಿ. ಒಂದು ವೇಳೆ ಮರಿ ಈಗಾಗಲೇ ದ್ರಾಕ್ಷಿ ತಿಂದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಎಷ್ಟು ತಿಂದಿತು, ಯಾವಾಗ ತಿಂದಿತು ಎಂಬುದನ್ನು ಬರೆದುಕೊಂಡು, ಅದು ಚೆನ್ನಾಗಿಯೇ ಆಡುತ್ತಿದ್ದರೂ ಸರಿ, ಈ ಉತ್ತರ ಓದಿದ ಕೂಡಲೇ ಹತ್ತಿರದ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ.